ಅಟ್ಟದ ಬಾಡಿಗೆ

ತಿಪಟೂರಿನ ಆ ಮನೆಯನ್ನು ಅಕ್ಕ ಮೊದಲ ಸಲ ನೋಡಿದಾಗ ನಾನು ಜೊತೆಯಲ್ಲಿದ್ದೆ. ಅದರ ಅಟ್ಟ ಕುಸಿದ ದಿನವೂ ಇದ್ದೆ. ಈ ಎರಡರ ನಡುವೆ ನಡೆದದ್ದರ ಬಗ್ಗೆ ಬೀದಿಯಲ್ಲಿ ನಾಲ್ಕು ತರಹದ ಮಾತುಗಳಿವೆ. ಕೆಲವರು ಅಕ್ಕನದು ದುರಾಸೆ ಅನ್ನುತ್ತಾರೆ, ಕೆಲವರು ಮೇಸ್ತ್ರಿಯನ್ನು ಬೈಯುತ್ತಾರೆ, ಇನ್ನು ಕೆಲವರು ಮಳೆಯನ್ನು. ನಾನು ಕಂಡದ್ದನ್ನು ಕಂಡ ಹಾಗೆ ಬರೆಯಲು ನೋಡುತ್ತೇನೆ.

ಅಕ್ಕ ತಿಪಟೂರಿನ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದಳು. ಗಂಡ ತೀರಿಕೊಂಡ ಮೇಲೆ ಅದೇ ಅವಳ ಬದುಕು. ಮಕ್ಕಳಿಲ್ಲ. ನರ್ಸಿಂಗ್ ಹೋಮ್ ನಡೆಸುತ್ತಿದ್ದ ಡಾಕ್ಟರು ವಯಸ್ಸಾಗಿ ಬಾಗಿಲು ಮುಚ್ಚಿದಾಗ ಅಕ್ಕನಿಗೆ ಒಂದು ಗಂಟು ಹಣ ಬಂತು, ಪಿಂಚಣಿ ಮಾತ್ರ ಇರಲಿಲ್ಲ. ನೊಣವಿನಕೆರೆಯಲ್ಲಿ ನನ್ನದೊಂದು ಗೊಬ್ಬರ, ಬೀಜದ ಅಂಗಡಿ. ನಮ್ಮ ಮನೆಗೇ ಬಂದಿರು ಎಂದು ನಾನೂ ಹೆಂಡತಿಯೂ ಕರೆದೆವು.

"ಬತ್ತೀನಿ, ಬರಲ್ಲ ಅನ್ನಲ್ಲ," ಅಂದಳು. "ಆದ್ರೆ ತಿಂಗಳು ಹುಟ್ಟಿದ್ರೆ ಒಬ್ಬರ ಮುಖ ನೋಡಂಗಾಗಬಾರದು ಕಣೋ. ನಿನ್ನದೂ ಸೇರಿ."

ಅಕ್ಕ ನಮ್ಮಲ್ಲಿಗೆ ಬಂದಳು. ಆ ಗಂಟನ್ನು ಏನು ಮಾಡುವುದು ಎಂಬುದೇ ಆ ಬೇಸಿಗೆಯೆಲ್ಲ ನಮ್ಮ ಮಾತಾಯಿತು. ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಬರುವ ಬಡ್ಡಿ ಮಾತ್ರೆಗೂ ಹಾಲಿಗೂ ಸಾಲುವಷ್ಟು. ಹಾಲ್ಕುರಿಕೆ ಕಡೆಯ ಒಂದು ಲೇಔಟಿನಲ್ಲಿ ಸೈಟು ತೋರಿಸಿದರು. ತೋಟ ಒಡೆದು ಕಲ್ಲು ನೆಟ್ಟಿದ್ದರು, ಕಲ್ಲುಗಳ ನಡುವೆ ತೆಂಗಿನ ಮರಗಳು ಇನ್ನೂ ಕಾಯಿ ಬಿಡುತ್ತಿದ್ದವು. ಐದು ವರ್ಷ ಬಿಟ್ಟರೆ ಎರಡರಷ್ಟಾಗುತ್ತದೆ ಎಂದು ತೋರಿಸಿದವರು ಹೇಳಿದರು. ಅಕ್ಕ ಅವರನ್ನು ಕೇಳಿದ್ದು ಒಂದೇ: "ಐದು ವರ್ಷ ನಾನು ಊಟ ಮಾಡದೆ ಇರಬೇಕೇನಪ್ಪ?" ಸೈಟಿಗೆ ಕಂದಾಯ ಕಟ್ಟಬೇಕು, ಬೇಲಿ ಕಾಯಬೇಕು, ಅದು ತಿಂಗಳಿಗೆ ಏನನ್ನೂ ಕೊಡುವುದಿಲ್ಲ. ಹೊಸ ಮನೆ ಕೊಳ್ಳಲು ಹಣ ಸಾಲದು. ಸಾಲ ಮಾಡುವ ವಯಸ್ಸು ದಾಟಿತ್ತು. ಹೀಗೆ ಒಂದೊಂದನ್ನೇ ಬಿಡುತ್ತ ಬಂದು ಕೊನೆಗೆ ಉಳಿದದ್ದು ಹಳೆಯ ಮನೆ. ಕೊಂಡ ಮರು ತಿಂಗಳಿನಿಂದಲೇ ಬಾಡಿಗೆ ಬರುವಂಥದ್ದು.

ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿದ್ದ ಆ ಮನೆ ಹಿಂದೆ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಮನೆತನದ್ದು. ಹೆಂಚಿನ ಮಾಡು, ದಪ್ಪ ಗೋಡೆ, ನಡುವೆ ದೊಡ್ಡ ಪಡಸಾಲೆ. ಪಡಸಾಲೆಯ ಉದ್ದಕ್ಕೂ ಒಂದು ತೊಲೆ, ಅದಕ್ಕೆ ಎರಡು ಕಂಬ, ತೊಲೆಯ ಮೇಲೆ ಇಡೀ ಪಡಸಾಲೆಯನ್ನು ಮುಚ್ಚಿದ ಅಟ್ಟ. ನಮ್ಮ ಕಡೆ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡು ಉಂಡೆಯಾಗುವ ತನಕ ಅದನ್ನು ಯಾರೂ ಮುಟ್ಟುವುದಿಲ್ಲ. ಹಾಗಾಗಿ ಹಳೆಯ ಮನೆ ಎಷ್ಟು ಗಟ್ಟಿ ಎಂದು ಕೇಳಿದರೆ ಯಾರೂ ಗೋಡೆ ತಟ್ಟಿ ತೋರಿಸುವುದಿಲ್ಲ, ಅಟ್ಟ ಎಷ್ಟು ಕಾಯಿ ತಡೆದಿದೆ ಎಂದು ಹೇಳುತ್ತಾರೆ. ದಲ್ಲಾಳಿಯೂ ಅದನ್ನೇ ಹೇಳಿದ.

"ಹತ್ತು ಸಾವಿರ ಕಾಯಿ ತಡೆದಿರೋ ಅಟ್ಟ ಕಣಮ್ಮ ಇದು. ಮೂರು ತಲೆಮಾರು. ನಿಮ್ಮ ಈಗಿನ ಆರ್‌ಸಿಸಿ ಮನೆಗಳು ಹತ್ತು ಜನ ಕುಣಿದ್ರೆ ಬಿರುಕು ಬಿಡ್ತವೆ."

"ನಾನೇನು ಕುಣಿಯಕ್ಕೆ ತಗೊಳ್ತಿಲ್ಲ ಬುಡಪ್ಪ," ಅಂದಳು ಅಕ್ಕ. ಅವನು ನಕ್ಕ, ನಾವೂ ನಕ್ಕೆವು. ಆ ಮಾತಿನ ಮೇಲೆ ಮತ್ತೆ ಪ್ರಶ್ನೆ ಹುಟ್ಟಲಿಲ್ಲ. ನಾವು ಹುಟ್ಟಿದ ಮನೆಯ ಅಟ್ಟದ ಬಗ್ಗೆಯೂ ನಮ್ಮಪ್ಪ ಹೀಗೇ ಹೇಳುತ್ತಿದ್ದರು.

ಕಾಗದಪತ್ರದ ವಿಷಯದಲ್ಲಿ ಅಕ್ಕ ಒಂದನ್ನೂ ಬಿಡಲಿಲ್ಲ. ಋಣಭಾರ ಪತ್ರ ತೆಗೆಸಿದಳು, ಖಾತೆ ನೋಡಿದಳು, ಮನೆತನದ ಹೆಣ್ಣುಮಕ್ಕಳ ಸಹಿಯೂ ಬೇಕು ಎಂದು ಹಟ ಹಿಡಿದಳು. ವಕೀಲರಿಗೆ ಫೀಸು ಕೊಟ್ಟು ಹಳೆಯ ಕ್ರಯಪತ್ರಗಳನ್ನು ಓದಿಸಿದಳು. ನೋಂದಣಿ ಖರ್ಚು ಅವಳ ಅಂದಾಜನ್ನು ಮೀರಿತು. ಆಗ ಒಬ್ಬ ಎಂಜಿನಿಯರಿಗೆ ತೋರಿಸೋಣವೇ ಎಂದು ನಾನು ಕೇಳಿದ್ದೆ, ಬಸ್ಸಿಗೆ ಕಾಯುತ್ತ ನಿಂತಾಗ, ಅಷ್ಟೇನೂ ಒತ್ತಿ ಕೇಳಿದ್ದಲ್ಲ. "ನಿಂತಿರೋ ಮನೆ ನೋಡಕ್ಕೆ ಅವನಿಗ್ಯಾಕೋ ದುಡ್ಡು?" ಅಂದಳು. ಬಸ್ಸು ಬಂತು, ಹತ್ತಿದೆವು.

ಅಷ್ಟು ದೊಡ್ಡ ಮನೆಯನ್ನು ಒಬ್ಬರೇ ಬಾಡಿಗೆಗೆ ಹಿಡಿಯುವುದಿಲ್ಲ. ಹಿಡಿದರೂ ಎರಡು ಸಣ್ಣ ಮನೆಗೆ ಬರುವ ಬಾಡಿಗೆ ಒಂದು ದೊಡ್ಡ ಮನೆಗೆ ಬರುವುದಿಲ್ಲ. ಪಡಸಾಲೆಯನ್ನು ಉದ್ದಕ್ಕೆ ಸೀಳಿ ಎರಡು ಪೋರ್ಷನ್ ಮಾಡುವುದೆಂದಾಯಿತು. ಒಂದೊಂದಕ್ಕೂ ಅಡುಗೆಮನೆ, ಬಚ್ಚಲು. ತೊಲೆಯ ಕೆಳಗೇ ಗೋಡೆ ಎಬ್ಬಿಸಿದರೆ ಒಂದು ಪೋರ್ಷನ್ ತೀರ ಇಕ್ಕಟ್ಟಾಗುತ್ತಿತ್ತು. ಮೇಸ್ತ್ರಿ ಗೋಡೆಯನ್ನು ಎರಡು ಮೊಳ ಆಚೆಗೆ ತೆಗೆದುಕೊಂಡ. ಆಗ ಒಂದು ಕಂಬ ಸರಿಯಾಗಿ ಬಚ್ಚಲಿನ ಬಾಗಿಲಿಗೆ ಅಡ್ಡ ಬಂತು.

"ಇದನ್ನ ತೆಗೀಬೋದಾ?" ಅಕ್ಕ ಕೇಳಿದಳು.

ಮೇಸ್ತ್ರಿ ಮೇಲೆ ನೋಡಿದ, ಕಂಬವನ್ನು ಎರಡು ಸಲ ಅಂಗೈಯಿಂದ ತಟ್ಟಿದ. "ಅಟ್ಟದ ಮ್ಯಾಲೆ ಏನಾದ್ರೂ ಇಡ್ತೀರಾ?"

"ನಾನೇನು ಇಡ್ಲಪ್ಪ, ಹಳೇ ಪಾತ್ರೆ."

"ಅಂಗಾದ್ರೆ ತೆಗೀಬೋದು. ಇನ್ನೊಂದು ಕಂಬ ಐತಲ್ಲ."

ಈ ಮಾತು ನಡೆದಾಗ ನಾನು ಹೊಸಿಲ ಮೇಲೆ ನಿಂತು ಟೀ ಕುಡಿಯುತ್ತಿದ್ದೆ. ಮೇಸ್ತ್ರಿ ಕೇಳಿದ್ದು ಸರಿಯಾದ ಪ್ರಶ್ನೆ, ಅಕ್ಕ ಕೊಟ್ಟದ್ದು ಆ ದಿನದ ಮಟ್ಟಿಗೆ ನಿಜವಾದ ಉತ್ತರ. ಬೀದಿಯವರು ಮೇಸ್ತ್ರಿಯನ್ನು ಬೈದಾಗಲೆಲ್ಲ ಇದನ್ನು ಹೇಳುತ್ತೇನೆ. ತೆಗೆದ ಕಂಬ ಹಲಸಿನದು, ಬುಡದಲ್ಲಿ ಒಳ್ಳೆಯ ಕೆತ್ತನೆ ಇತ್ತು. ಹಳೆಯ ಮರ ಕೊಳ್ಳುವವನೊಬ್ಬ ಅದನ್ನು ಒಯ್ದ. ಬಂದ ಹಣ ಎರಡು ಬಚ್ಚಲಿನ ಟೈಲ್ಸಿಗೆ ಆಯಿತು ಎಂದು ಅಕ್ಕ ಖುಷಿಪಟ್ಟಳು.

ಮುಂದಿನ ಪೋರ್ಷನ್ನಿಗೆ ಒಬ್ಬ ಲಗೇಜ್ ಆಟೋದವನೂ ಅವನ ಹೆಂಡತಿಯೂ ಬಂದರು. ಅವಳು ಬಟ್ಟೆ ಹೊಲಿಯುತ್ತಿದ್ದಳು. ಬೀದಿಯ ಬೆಳಕು ಬೀಳುವ ಜಾಗದಲ್ಲಿ ಮಿಷನ್ ಇಟ್ಟುಕೊಂಡಳು. ಹಿಂದಿನ ಪೋರ್ಷನ್ನಿಗೆ ಕಾಲೇಜು ಹುಡುಗರು ಬಂದರು, ಪರೀಕ್ಷೆ ಮುಗಿಸಿ ಹೋದರು, ಆಮೇಲೆ ಅದು ಖಾಲಿ ಬಿತ್ತು. ಮನೆ ಕೊಳ್ಳುವ ಮುಂಚೆ ನಾವು ಲೆಕ್ಕ ಹಾಕಿದ್ದು ಹನ್ನೆರಡು ತಿಂಗಳ ಬಾಡಿಗೆ, ಎರಡು ಮನೆಯದು. ಖಾಲಿ ಬೀಳುವ ತಿಂಗಳು ನಮ್ಮ ಲೆಕ್ಕದಲ್ಲೇ ಇರಲಿಲ್ಲ. ಹೆಂಚು ತಿರುಗಿಸುವ ಕೂಲಿ, ಪಂಪು ಸುಟ್ಟದ್ದು, ಮನೆಗಂದಾಯ ಏರಿದ್ದು, ಹೋದ ಹುಡುಗರಿಗೆ ಅಡ್ವಾನ್ಸ್ ವಾಪಸು ಕೊಟ್ಟದ್ದು, ಇವೂ ಇರಲಿಲ್ಲ. ಆ ಅಡ್ವಾನ್ಸನ್ನು ಅಕ್ಕ ಪಂಪಿಗೆ ಖರ್ಚು ಮಾಡಿದ್ದಳು. ಹುಡುಗರಿಗೆ ಕೊಡಲು ತನ್ನ ಎರಡು ಬಳೆಗಳನ್ನು ಅಡವಿಟ್ಟಳು. ನನಗೆ ಹೇಳಲಿಲ್ಲ. ಖಾಲಿ ಕೈ ನೋಡಿ ನನ್ನ ಹೆಂಡತಿ ಕೇಳಿದಾಗ ಗೊತ್ತಾಯಿತು.

ಆ ಹೊತ್ತಿಗೆ ಹಂದನಕೆರೆ ಕಡೆಯ ತೋಟದವನೊಬ್ಬ ಬಂದ. ನನ್ನ ಅಂಗಡಿಯ ಗಿರಾಕಿ, ಒಳ್ಳೆಯ ಮನುಷ್ಯ. ತನ್ನ ಹಳೆಯ ಮನೆ ಕೆಡವಿ ಹೊಸದು ಕಟ್ಟಿದ್ದ. ಹೊಸದರಲ್ಲಿ ಅಟ್ಟ ಇಲ್ಲ. ಈಗ ಎಲ್ಲ ಕಡೆಯೂ ಹಾಗೇ, ಮನೆ ತಾರಸಿಯಾಗುತ್ತದೆ, ಕಾಯಿಗೆ ಜಾಗ ಇರುವುದಿಲ್ಲ. ಆ ವರ್ಷದ ಕಾಯಿಯನ್ನು ಎಲ್ಲಿ ಹಾಕುವುದೆಂದು ಅವನು ಅಟ್ಟ ಹುಡುಕುತ್ತಿದ್ದ. ಅಟ್ಟದ ಬಾಡಿಗೆಯನ್ನು ತಿಂಗಳ ಲೆಕ್ಕದಲ್ಲಿ ಕೊಡುವ ಪದ್ಧತಿಯಿಲ್ಲ. ಕಾಯಿ ಏರಿಸುವ ದಿನವೇ ವರ್ಷದ್ದನ್ನು ಒಟ್ಟಿಗೆ ಕೊಡುತ್ತಾರೆ.

"ಅಕ್ಕಾ, ಅಟ್ಟ ಸುಮ್ನೆ ಬಿದ್ದೈತೆ. ಕೆಳಗೆ ಜನ ಇದ್ದಂಗೆ ಇರ್ಲಿ, ಅವರಿಗೇನು ತೊಂದ್ರೆ? ಹಿತ್ತಿಲ ಕಡೆಯಿಂದ ಏಣಿ ಐತೆ, ಏರಿಸ್ತೀನಿ, ವರ್ಷದ ಮ್ಯಾಲೆ ಇಳಿಸ್ತೀನಿ. ಆರು ಸಾವಿರ ಕಾಯಿ, ಅಷ್ಟೆ."

ಹತ್ತು ಸಾವಿರ ತಡೆದ ಅಟ್ಟಕ್ಕೆ ಆರು ಸಾವಿರ. ನಾವು ಮೂವರೂ ಈ ಲೆಕ್ಕವನ್ನು ಮನಸ್ಸಿನಲ್ಲಿ ಮಾಡಿದೆವು, ಮೂವರಿಗೂ ಸರಿಬಂತು. ಹತ್ತು ಸಾವಿರ ತಡೆದದ್ದು ಎರಡು ಕಂಬದ ಅಟ್ಟ. ಅದು ಆಗ ಯಾರಿಗೂ ಹೊಳೆಯಲಿಲ್ಲ. ಒಂದೇ ಮನೆಗೆ ಕೆಳಗೊಂದು ಬಾಡಿಗೆ, ಮೇಲೊಂದು ಬಾಡಿಗೆ. ಅಕ್ಕ ಬಳೆ ಬಿಡಿಸಿಕೊಂಡಳು.

ಕಾಯಿ ಏರಿಸಿದ್ದು ಚಳಿಗಾಲದಲ್ಲಿ. ಬೇಸಿಗೆ ಕಳೆಯುವ ಹೊತ್ತಿಗೆ ಹೊಲಿಯುವವಳು ಅಕ್ಕನಿಗೆ ಫೋನ್ ಮಾಡಿದಳು. ಮೇಲಿನಿಂದ ಮಣ್ಣು ಉದುರಿ ಗಿರಾಕಿಗಳ ಬಟ್ಟೆ ಮೇಲೆ ಬೀಳುತ್ತಿದೆ ಎಂದಳು. ನಾವು ಹೋಗಿ ನೋಡಿದೆವು. ತೊಲೆ ನಡುವಿನಲ್ಲಿ ಒಂದು ಬೆರಳಷ್ಟು ಬಾಗಿತ್ತೋ, ಮೊದಲಿನಿಂದಲೂ ಹಾಗೇ ಇತ್ತೋ ಹೇಳುವುದು ಕಷ್ಟವಾಗಿತ್ತು. ಅಕ್ಕ ಅದನ್ನೇ ನೋಡುತ್ತ ನಿಂತವಳು ತೋಟದವನನ್ನು ಕರೆಸಿದಳು.

"ಕಾಯಿ ಇಳಿಸಿಬಿಡಪ್ಪ. ನಿನ್ನ ದುಡ್ಡು ಉಳಿದಷ್ಟು ವಾಪಸು ಕೊಡ್ತೀನಿ."

ಅವನ ಮುಖ ಸಣ್ಣದಾಯಿತು. "ಅರ್ಧಕ್ಕೆ ಇಳಿಸಿದ್ರೆ ಏನ್ ಮಾಡ್ಲಕ್ಕ? ಅತ್ಲಾಗೆ ಎಳನೀರೂ ಅಲ್ಲ, ಇತ್ಲಾಗೆ ಕೊಬ್ಬರೀನೂ ಅಲ್ಲ. ಒಡೆದ್ರೆ ಎಲ್ಲ ಕೌಟು ವಾಸನೆ. ಬೇರೆ ಅಟ್ಟ ಎಲ್ಲೈತೆ ಹೇಳಿ, ಇವತ್ತೇ ಸಾಗಿಸ್ತೀನಿ."

ಅರ್ಧ ಒಣಗಿದ ಕಾಯಿಯನ್ನು ಅಲುಗಾಡಿಸಬಾರದು ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಟ್ಟ ಹತ್ತಿದರೆ ನಮ್ಮವ್ವ ಸೌದೆ ಹಿಡಿದು ಬರುತ್ತಿದ್ದಳು. ಅವನ ಇಡೀ ವರ್ಷದ ಬೆಳೆ ಅಕ್ಕನ ತಲೆಯ ಮೇಲಿತ್ತು. ಅವಳು ಮತ್ತೆ ತೊಲೆ ನೋಡಿದಳು. ಆಗ ಅವನು ಹೇಳಿದ ಮಾತು ನನಗೆ ಇಂದಿಗೂ ತಪ್ಪೆನಿಸುವುದಿಲ್ಲ. ಅದಕ್ಕೇ ಅದು ಹೆಚ್ಚು ಕಾಡುತ್ತದೆ.

"ಕಾಯಿ ಒಣಗ್ತಾ ಒಣಗ್ತಾ ಹಗುರ ಆಯ್ತದೆ ಅಲ್ವಾ? ಏರಿಸಿದ ದಿನ ಇದ್ದ ಭಾರ ಇವತ್ತಿಲ್ಲ, ಇವತ್ತಿರೋದು ಮುಂದಿನ ತಿಂಗಳು ಇರಲ್ಲ. ಅವತ್ತೇ ತಡೆದಿರೋ ಅಟ್ಟ ಇನ್ನು ಯಾಕೆ ಬಿದ್ದೀತು? ದೀಪಾವಳಿಗೆ ಇಳಿಸ್ತೀನಿ."

ಆಟೋದವನೂ ಹೌದೆಂದ. ಅವನು ದಿನವೂ ಭಾರ ಹೊರಿಸುವವನು. "ಲೋಡು ಕಮ್ಮಿ ಆಗೋದು ನಿಜ ಕಣ್ರೀ," ಅಂದ. ಅವನ ಹೆಂಡತಿ ಮಾತ್ರ, "ನಿಮ್ಮ ನಿಮ್ಮ ಲೆಕ್ಕ ಸರಿಯಾಗೈತೆ, ಮಣ್ಣು ಬೀಳೋದು ನನ್ನ ತಲೆ ಮ್ಯಾಲೆ," ಎಂದು ಗೊಣಗಿ ಬಟ್ಟೆ ಕೊಡವಿದಳು. ಎಲ್ಲರೂ ನಕ್ಕರು, ಅವಳೂ. ಅಕ್ಕ ಮಣ್ಣು ಉದುರುವ ಕಡೆ ಒಂದು ಪ್ಲಾಸ್ಟಿಕ್ ತಾಡಪಾಲು ಕಟ್ಟಿಸಿಕೊಟ್ಟಳು, ಆ ತಿಂಗಳ ಬಾಡಿಗೆಯಲ್ಲಿ ಸ್ವಲ್ಪ ಬಿಟ್ಟಳು. ನನ್ನ ಕಡೆ ತಿರುಗಿ, "ಏನಂತೀಯ?" ಎಂದು ಕೇಳಿದಳು. ದೀಪಾವಳಿ ದೂರ ಏನಿಲ್ಲ ಅಂದೆ.

ಮಾಡಿನ ನೆತ್ತಿಯಲ್ಲಿ ಕೆಲವು ಹೆಂಚು ಒಡೆದಿದ್ದವು. ಕೋತಿಗಳದ್ದೇ ಕೆಲಸ ಇರಬೇಕು. ಕಾಯಿ ಅಷ್ಟೆತ್ತರಕ್ಕೆ ಒಟ್ಟಿದ್ದರಿಂದ ಏಣಿಯಿಂದ ಇಣುಕಿದವರಿಗೂ ಕಾಣುವಂತಿರಲಿಲ್ಲ.

ಆ ವರ್ಷ ದೀಪಾವಳಿಗೆ ಮೊದಲೇ ಹಸ್ತದ ಮಳೆ ಬಿಡದೆ ಹೊಯ್ದಿತು. ಒಂದು ಬೆಳಗ್ಗೆ ಹೊಲಿಯುವವಳು ಮತ್ತೆ ಫೋನ್ ಮಾಡಿದಳು: ತಾಡಪಾಲಿನಲ್ಲಿ ನೀರು ನಿಂತಿದೆ, ನೀರು ಟೀ ಬಣ್ಣ ಇದೆ. ಅಕ್ಕ ಫೋನ್ ಇಟ್ಟವಳು ಸೀರೆ ಸಹ ಬದಲಿಸದೆ ಹೊರಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, "ಸಿಪ್ಪೆ ನೀರು ಕುಡಿದೈತೆ," ಅಂದಳು. ಅಷ್ಟೇ ಅಂದದ್ದು. ನನಗೂ ಅರ್ಥವಾಗಿತ್ತು. ತೆಂಗಿನ ಸಿಪ್ಪೆ ನೀರನ್ನು ಹೇಗೆ ಹೀರಿ ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ತೋಟ ಇರುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯೆಲ್ಲ ಹಗುರವಾದದ್ದು ಆ ಮಳೆಯಲ್ಲಿ ಮತ್ತೆ ಭಾರವಾಗಿತ್ತು.

ನಾವು ಬಾಗಿಲಿಗೆ ಬಂದಾಗ ಬೆಳಗಿನ ಹೊತ್ತೇ. ಆಟೋದವನು ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ಒಳಗೆ ಬಕೆಟ್ಟುಗಳನ್ನು ಇಟ್ಟು ನೆಲ ಒರೆಸುತ್ತಿದ್ದಳು. ತೊಲೆಯ ಕಡೆ ನೋಡಿದೆ. ಈ ಸಲ ಅನುಮಾನಕ್ಕೆ ಜಾಗವಿರಲಿಲ್ಲ.

"ಈಚೆ ಬಾರಮ್ಮ," ಅಕ್ಕ ಕೂಗಿದಳು. "ಎಲ್ಲ ಬಿಟ್ಟು ಮೊದಲು ಈಚೆ ಬಾ."

"ಬಂದೆ ಬಂದೆ. ಮಿಷನ್ ಒಂದು ಎಳ್ಕೊಂಡ್ ಬತ್ತೀನಿ, ನೆಂದ್ರೆ ತುಕ್ಕು ಹಿಡೀತದೆ."

"ಬುಡೇ ಅದನ್ನ!"

ಅಕ್ಕ ಹೊಸಿಲು ದಾಟಿದಳು. ನಾನು ಅವಳ ರಟ್ಟೆ ಹಿಡಿದು ಎಳೆದೆ. ಸದ್ದು ನಾನು ಅಂದುಕೊಂಡ ಹಾಗಿರಲಿಲ್ಲ. ಮೊದಲು ದಪ್ಪ ಬಟ್ಟೆ ಹರಿದ ಹಾಗೆ, ಆಮೇಲೆ ಕಾಯಿಗಳು. ಅವು ಒಟ್ಟಿಗೆ ಬೀಳಲಿಲ್ಲ, ಹರಿದು ಬಂದವು. ಸುರಿಯುತ್ತಲೇ ಇದ್ದವು. ಬಾಗಿಲಿನಿಂದ ಹೊರಗೆ ಬಂದು ನಮ್ಮ ಕಾಲಿಗೆ ತಾಗಿ ಬೀದಿಗೆ ಉರುಳಿದವು. ಉರುಳುವಾಗ ಒಳಗೆ ಕೊಬ್ಬರಿ ಬಿಟ್ಟುಕೊಂಡ ಕಾಯಿಗಳು ಗುಡುಗುಡು ಅನ್ನುತ್ತಿದ್ದವು. ಅಟ್ಟದ ಮುಂದಿನ ಅರ್ಧ ಪೂರ್ತಿ ಕೆಳಗಿತ್ತು. ಧೂಳು ಏಳಲಿಲ್ಲ, ಎಲ್ಲ ಒದ್ದೆಯಾಗಿತ್ತು.

ಹೊಲಿಯುವವಳು ಮಿಷನ್ನಿನ ಆಚೆ ಬಿದ್ದಿದ್ದಳು. ತೊಲೆಯ ತುಂಡು ಮಿಷನ್ನಿನ ಮೇಲೆ ಬಿದ್ದು ಓರೆಯಾಗಿ ನಿಂತದ್ದರಿಂದ ತಲೆ, ಎದೆ ಉಳಿದವು. ಬಲಗಾಲು ತೊಡೆಯ ತನಕ ಅಡಿಯಲ್ಲಿ ಸಿಕ್ಕಿತ್ತು. ಬೀದಿಯವರು ಓಡಿಬಂದು ಮರ ಎತ್ತಿದರು. ಅಕ್ಕ ಕಾಯಿಗಳ ಮೇಲೆ ಮೊಣಕಾಲೂರಿ ಕೂತು ಕೆಳಗೆ ಬಿದ್ದಿದ್ದ ಮರದ ರೀಪುಪಟ್ಟಿಗಳನ್ನೇ ಅವಳ ಕಾಲಿಗೆ ಆನಿಸಿ ಕಟ್ಟಿದಳು. ಸೀರೆಯ ಸೆರಗು ಹರಿದು ಬಿಗಿದಳು. ಆಂಬುಲೆನ್ಸ್ ಬಂದಾಗ ಅವಳ ಜೊತೆಯೇ ಹತ್ತಿದಳು.

ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಒಂದಲ್ಲ, ಎರಡು ಆಪರೇಷನ್ ಬೇಕು ಅಂದರು. ಮನೆಗೆ ವಿಮೆ ಇರಲಿಲ್ಲ. ಅಂಥದ್ದೊಂದು ಇರುತ್ತದೆಂದು ನಮ್ಮಲ್ಲಿ ಯಾರೂ ಯೋಚಿಸಿದವರಲ್ಲ. ಆಸ್ಪತ್ರೆಯ ಹೊರಗೆ ಆಟೋದವನು ಅಕ್ಕನ ಎದುರು ಬಂದು ನಿಂತ.

"ಕಂಪ್ಲೇಂಟ್ ಕೊಡು ಅಂತಾವ್ರೆ ಎಲ್ರೂ. ಏನ್ ಮಾಡ್ಲಿ, ನೀವೇ ಹೇಳಿ."

"ಕೊಡಪ್ಪ," ಅಂದಳು ಅಕ್ಕ. "ಕೊಟ್ರೂ ಕೊಡದಿದ್ರೂ ಅವಳು ಎದ್ದು ನಡೆಯೋ ತನಕ ಖರ್ಚು ನಂದು."

ಅವನು ಕೊಡಲಿಲ್ಲ. ಕೊಡದೆ ಇದ್ದದ್ದಕ್ಕೆ ಕಾರಣವನ್ನು ನಾನು ಕೇಳಿಲ್ಲ. ತೋಟದವನೂ ಬಂದ, ತಲೆ ತಗ್ಗಿಸಿಕೊಂಡು. ನೆಂದ ಕಾಯಿಯನ್ನು ಎಣ್ಣೆ ತೆಗೆಯುವವರಿಗೆ ಅವರು ಕೇಳಿದ ಬೆಲೆಗೆ ಕೊಟ್ಟಿದ್ದ. ಅಟ್ಟದ ಬಾಡಿಗೆಯಲ್ಲಿ ಉಳಿದ ತಿಂಗಳುಗಳ ಹಣದ ಬಗ್ಗೆ ಅವನು ಬಾಯಿ ಬಿಡುವ ಮುಂಚೆಯೇ ಅಕ್ಕ ಕೊಡುತ್ತೇನೆಂದಳು. ಬೇಡವೆಂದ. ಮಾರನೆಯ ವಾರ ಅವನ ಹೆಂಡತಿ ಬಂದು ತೆಗೆದುಕೊಂಡು ಹೋದಳು. ಅದೂ ತಪ್ಪಲ್ಲ. ಅವರಿಗೂ ವರ್ಷವೇ ಹೋಗಿತ್ತು.

ಮನೆ ರಿಪೇರಿ ಮಾಡಿಸಿ ಮತ್ತೆ ಬಾಡಿಗೆಗೆ ಕೊಡುವುದೋ, ಹಾಗೇ ಮಾರುವುದೋ ಎಂದು ನಾನು ಲೆಕ್ಕ ತೆಗೆದೆ. ಒಂದೆರಡು ವರ್ಷ ತಡೆದರೆ ಜಾಗಕ್ಕೆ ಇನ್ನೂ ಬೆಲೆ ಬರುತ್ತದೆ, ಈಗ ಮಾರಿದರೆ ಕೊಂಡವನು ಕಟ್ಟಡಕ್ಕೆ ಒಂದು ಕಾಸೂ ಕೊಡುವುದಿಲ್ಲ, ಕೆಡವುವ ಖರ್ಚನ್ನೂ ಕಳೆದು ಕೊಡುತ್ತಾನೆ ಎಂದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಅವಳ ಎರಡನೇ ಆಪರೇಷನ್ ಯಾವಾಗ ಅಂತೆ?" ಅಂದಳು.

ಮಾರಿದಳು. ದಲ್ಲಾಳಿ ಅದೇ ಮನುಷ್ಯ. ಈ ಸಲ ಅವನು ಅಟ್ಟದ ಮಾತೆತ್ತಲಿಲ್ಲ, ಜಾಗದ ಅಳತೆ ಮಾತ್ರ ಹೇಳಿದ. ಕೊಂಡವರು ಮಳಿಗೆ ಕಟ್ಟುತ್ತಿದ್ದಾರೆ. ಆಪರೇಷನ್, ಆಮೇಲಿನ ಔಷಧಿ, ಆಟೋದವನ ಹೊಸ ಮನೆಯ ಅಡ್ವಾನ್ಸ್, ಅವನ ಹೆಂಡತಿಗೆ ಮೋಟಾರಿನ ಹೊಲಿಗೆ ಮಿಷನ್ ಇವೆಲ್ಲ ಕಳೆದು ಉಳಿದದ್ದು ಸ್ವಲ್ಪ. ಹೊಲಿಯುವವಳು ಈಗ ಕೋಲು ಹಿಡಿದು ನಡೆಯುತ್ತಾಳೆ. ಒಂದು ಕಾಲು ಗಿಡ್ಡವಾಗಿ ಉಳಿಯಿತು. ಒಮ್ಮೆ ನಾವು ನೋಡಲು ಹೋದಾಗ ಅಕ್ಕನಿಗೆ ಟೀ ಕೊಡುತ್ತ, "ಈ ಮನೆ ತಾರಸಿದು ಕಣಕ್ಕ. ಆದ್ರೂ ಮಲಗಿದ್ರೆ ಮ್ಯಾಲೇ ನೋಡ್ತಾ ಇರ್ತೀನಿ," ಅಂದಳು. ಚುಚ್ಚಲು ಹೇಳಿದ್ದಲ್ಲ. ಅಕ್ಕ ಟೀ ಮುಗಿಸಲಿಲ್ಲ.

ಅರವತ್ತು ದಾಟಿದ ಅಕ್ಕ ಈಗ ಮತ್ತೆ ಕೆಲಸಕ್ಕೆ ಹೋಗುತ್ತಾಳೆ. ತಿಪಟೂರಿನಲ್ಲಿ ಹಾಸಿಗೆ ಹಿಡಿದ ಒಬ್ಬ ಹೆಂಗಸನ್ನು ನೋಡಿಕೊಳ್ಳುವ ಕೆಲಸ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಾಳೆ. ನಮ್ಮ ಮನೆಯ ಬೀದಿ ಕಡೆಯ ಕೋಣೆ ಅವಳದು. ಮೊದಲ ಸಂಬಳ ಬಂದ ದಿನ ಅಂಗಡಿಗೆ ಬಂದು ಗಲ್ಲಾ ಪೆಟ್ಟಿಗೆಯ ಮೇಲೆ ಕೆಲವು ನೋಟು ಇಟ್ಟಳು.

"ಇದೇನಕ್ಕ?"

"ಕೋಣೆ ಬಾಡಿಗೆ."

"ಹುಚ್ಚಾ ನಿಂಗೆ? ತಗೊಂಡು ಹೋಗು."

"ಗಿರಾಕಿಗಳವ್ರೆ, ಗಲಾಟೆ ಮಾಡಬೇಡ. ಇಟ್ಕೋ."

ಯೂರಿಯಾ ಕೊಳ್ಳಲು ಬಂದವರು ಇಬ್ಬರು ನಿಂತಿದ್ದರು. ಅವಳ ಮುಖದಲ್ಲಿ ಕೋಪವಿರಲಿಲ್ಲ, ಹಟವೂ ಇರಲಿಲ್ಲ. ನಾನು ತೆಗೆದುಕೊಂಡೆ. ಪ್ರತಿ ತಿಂಗಳೂ ತೆಗೆದುಕೊಳ್ಳುತ್ತಿದ್ದೇನೆ.